ಬೆನ್ನು ನೋಡುವ ಮೌನೇಶಪ್ಪ

ಮೌನೇಶಪ್ಪನವರು ಯಾರನ್ನೇ ಆಗಲಿ ಹಿಂದಿನಿಂದ ನೋಡುತ್ತಿದ್ದರು. ಎದುರಿಗೆ ಬಂದು ನಮಸ್ಕಾರ ಮಾಡಿದರೆ ತಲೆ ಎತ್ತದೆ "ಹ್ಞೂಂ, ಕುಂದ್ರಿ" ಅಂದುಬಿಡುವರು. ಅದೇ ಮನುಷ್ಯ ಎದ್ದು ಹೊರಟನೋ, ಕೈಯಲ್ಲಿದ್ದ ಮಣ್ಣು ಕೆಳಗಿಟ್ಟು, ಕನ್ನಡಕ ಏರಿಸಿಕೊಂಡು, ಅವನು ಓಣಿ ದಾಟುವವರೆಗೂ ಕಣ್ಣು ಕೀಳುತ್ತಿರಲಿಲ್ಲ. ಗೊತ್ತಿಲ್ಲದವರು ಇದನ್ನು ಸೊಕ್ಕು ಅಂದುಕೊಂಡಿದ್ದರು. ನಾನೊಮ್ಮೆ ಕೇಳಿಯೇಬಿಟ್ಟೆ.

"ಮಾರಿ ಸುಳ್ಳ ಹೇಳತೈತ್ರಿ ಸರ," ಅಂದರು. "ಮಂದಿ ಮಾರಿಗೆ ಪೌಡರ್ ಹಚ್ಚತಾರ, ಬೇಕಾದಾಗ ನಗಸ್ತಾರ. ಬೆನ್ನಿಗೆ ಯಾರ್ ಹಚ್ಚತಾರ? ಅದು ಪಾಪ, ಇದ್ದಂಗ ಇರತೈತಿ."

ರಾಣೆಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಮನೆ. ಮುಂದಿನ ಪಡಸಾಲೆಯೇ ಅಂಗಡಿ. ಐರಣಿಯ ಹೊಳೆದಂಡೆಯಿಂದ ಮಣ್ಣು ತಂದು, ಸೋಸಿ, ಗೇಣಿಗಿಂತ ಗಿಡ್ಡ ಗೊಂಬೆಗಳನ್ನು ಮಾಡಿ, ಸುಟ್ಟು, ಬಣ್ಣ ಹಚ್ಚುತ್ತಿದ್ದರು. ದೇವರಿಲ್ಲ, ರಾಜರಾಣಿಯರಿಲ್ಲ, ಎಲ್ಲ ನಮ್ಮ ಸುತ್ತಿನ ಮಂದಿಯೇ. ಬಸ್ಸಿನ ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್, ಹಾವೇರಿ ಕೋರ್ಟಿನ ಮುಂದೆ ಮೇಜು ಹಾಕಿಕೊಂಡ ಟೈಪಿಸ್ಟ್, ಕೊಡೆಯನ್ನು ಕಂಕುಳಲ್ಲಿ ಒತ್ತಿಕೊಂಡ ಹೆಡ್‌ಮಾಸ್ತರು. ಬೆನ್ನು, ಹೆಗಲು, ಹಿಮ್ಮಡಿ ಎಲ್ಲ ಥೇಟ್ ಅವರದೇ. ಮುಖಕ್ಕೆ ಮಾತ್ರ ಎರಡು ಚುಕ್ಕೆ, ಒಂದು ಗೀರು. ಅಲ್ಲಿಗೆ ಮುಗಿಯಿತು.

ಒಂದೊಂದು ಗೊಂಬೆಯಲ್ಲಿ ಐದೇ ಪ್ರತಿ. ಐದನೆಯದು ಆದ ಕೂಡಲೇ ಅಚ್ಚನ್ನು ಅಂಗಳದ ಕಲ್ಲಿಗೆ ಕುಕ್ಕಿ ಒಡೆದುಬಿಡುತ್ತಿದ್ದರು. ಇದರಿಂದ ನಮ್ಮ ಕಡೆ ಒಂದು ಹುಚ್ಚು ಹಬ್ಬಿತು. ನಾನು ಕೆಲಸ ಮಾಡುವ ಹಾವೇರಿಯ ಕಚೇರಿಯ ಕ್ಯಾಂಟೀನಿನಲ್ಲಿ ಮಧ್ಯಾಹ್ನ ದೊಡ್ಡ ದೊಡ್ಡ ಮನುಷ್ಯರು ಗೊಂಬೆ ಬದಲಿಸಿಕೊಳ್ಳಲು ಕಚ್ಚಾಡುತ್ತಿದ್ದರು. "ಎರಡು ಕಂಡಕ್ಟರ್ ಕೊಡತೇನಿ, ಟೈಪಿಸ್ಟ್ ಕೊಡ್ರಿ" ಎಂದು ಒಬ್ಬ ವಕೀಲರು ಅಂದರೆ, "ಟೈಪಿಸ್ಟ್ ಆಗೂದಿಲ್ರಿ. ಬೇಕಾದ್ರ ಹೆಡ್‌ಮಾಸ್ತರನ್ನ ಒಯ್ರಿ, ನಮ್ಮನ್ಯಾಗ ಇಬ್ಬರದಾರ" ಎಂದು ಇನ್ನೊಬ್ಬರು. ನಾನೇನು ಕಮ್ಮಿಯಿರಲಿಲ್ಲ. ನನ್ನ ಗಾಜಿನ ಬೀರಿನಲ್ಲಿ ಹನ್ನೊಂದು ಗೊಂಬೆಗಳಿದ್ದವು. ಇಲ್ಲದ್ದು ಒಂದೇ, ನನ್ನದು. ಅದೊಂದು ಆಗಲೇಬೇಕೆಂದು ಮನಸ್ಸು ಹಟ ಹಿಡಿದಿತ್ತು.

ಬೆನ್ನು ಹತ್ತುವ ಈ ಕೆಲಸದಿಂದ ಮೌನೇಶಪ್ಪನವರು ಬೈಗುಳ ತಿಂದದ್ದೂ ಉಂಟು. ಕುಪ್ಪೇಲೂರಿನಿಂದ ಕಾಯಿಪಲ್ಯ ತರುವ ಮಲ್ಲವ್ವ ಒಂದು ದಿನ ಬುಟ್ಟಿ ಹೊತ್ತು ಹೋಗುತ್ತಿದ್ದಳು. ಇವರು ಹತ್ತು ಹೆಜ್ಜೆ ಹಿಂದೆ. ನಾನು ಇವರ ಪಕ್ಕದಲ್ಲಿ. ಆಕೆ ಗಕ್ಕನೆ ನಿಂತು ಹೊರಳಿದಳು.

"ಏ ಮುದುಕಾ, ಯಾಕ ಬೆನ್ನ ಹತ್ತೀದಿ? ಮನ್ಯಾಗ ಅಕ್ಕತಂಗೇರು ಇಲ್ಲೇನ ನಿನಗ?"

"ಸಿಟ್ಟಾಗಬ್ಯಾಡವಾ. ನಿನ್ನ ಬುಟ್ಟಿ ಬಲಕ್ಕ ವಾಲಾಕತ್ತೈತಿ. ಯಾಕಂತ ತಿಳೀವಲ್ದು, ಅದಕ್ಕ ಬಂದೆ."

"ಎಡಗಾಲಾಗ ಆಣಿ ಆಗೇತಿ. ತಿಳೀತಿಲ್ಲ? ನಡಿ ಇನ್ನ!"

ನಾನು ನಾಚಿ ನೀರಾದೆ. ಇವರು ಮಾತ್ರ ಸಿಕ್ಕಿತು, ಸಿಕ್ಕಿತು ಎಂದುಕೊಳ್ಳುತ್ತ ಮನೆಗೆ ಓಡಿದರು. ಎರಡು ತಿಂಗಳಾದ ಮೇಲೆ ಅವರ ಮನೆಗೆ ಬದನೆಕಾಯಿ ಕೊಡಲು ಬಂದ ಮಲ್ಲವ್ವ ಪಡಸಾಲೆಯ ಗೊಂಬೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ನೋಡಿದ್ದು ಗೊಂಬೆಯ ಕಾಲನ್ನು. "ಅಯ್ಯ, ಹಿಮ್ಮಡ ಎತ್ಯಾಳ ನೋಡ! ಇದು ನಾನ!" ಎಂದು ಕೂಗಿ, ಮರುಗಳಿಗೆಗೇ ಮುಖ ಊದಿಸಿದಳು. "ಹಳೇ ಸೀರಿ ಯಾಕ ಉಡಿಸೀದಿ? ಹಸರಂದು ಇತ್ತಲ್ಲ ನಂದು!" ಮೌನೇಶಪ್ಪನವರು ಅಲ್ಲೇ ಕೂತು ಒಂದಕ್ಕೆ ಹಸಿರು ಬಳಿದು ಆಕೆಯ ಕೈಗೆ ಕೊಟ್ಟರು. ಹಸಿರು ಸೀರೆಯ ಮಲ್ಲವ್ವ ಜಗತ್ತಿಗೆ ಒಬ್ಬಳೇ ಎಂದು ಸುದ್ದಿಯಾಗಿ, ಹಾವೇರಿಯ ಡಾಕ್ಟರೊಬ್ಬರು ಅದನ್ನು ಕೊಳ್ಳಲು ಕಾರು ಮಾಡಿಕೊಂಡು ಕುಪ್ಪೇಲೂರಿಗೇ ಹೋದರು. "ನನ್ನ ನಾನ ಮಾರಿಕೊಳ್ಳಲೇನ?" ಎಂದು ಕೇಳಿ, ಮಜ್ಜಿಗೆ ಕುಡಿಸಿ ಕಳಿಸಿದಳಂತೆ.

ಬ್ಯಾಡಗಿಯ ದಲಾಲಿ ಸಾವ್ಕಾರರ ಕತೆಯೇ ಬೇರೆ. ಅವರು ಹೊಸ ಧೋತರ ಉಟ್ಟು, ಉಂಗುರ ತೊಟ್ಟು ಬಂದು, "ನಂದೊಂದು ಮೂರ್ತಿ ಆಗಬೇಕ್ರಿ. ಗತ್ತ ಇರಬೇಕು" ಅಂದರು. ನಡೆದು ತೋರಿಸಿರೆಂದರೆ ಮದುಮಗನ ಹಾಗೆ ನಡೆದರು. "ಇದು ನಿಮ್ಮ ನಡಗಿ ಅಲ್ರಿ ಸಾವ್ಕಾರ್ರ. ನಾನ ಬ್ಯಾಡಗಿಗೆ ಬರತೇನಿ, ಯಾವಾಗ ಅಂತ ಹೇಳೂದಿಲ್ಲ" ಎಂದರು ಮೌನೇಶಪ್ಪ.

ನಾನೂ ರಜೆ ಹಾಕಿ ಜೊತೆಗೆ ಹೋದೆ. ಮೆಣಸಿನಕಾಯಿ ರಾಶಿಗಳ ನಡುವೆ ಕದ್ದು ಹಿಂಬಾಲಿಸುವುದು ಸುಲಭವಲ್ಲ. ಸಾವ್ಕಾರರು ನಾಲ್ಕು ಹೆಜ್ಜೆ ಇಟ್ಟರೋ ಇಲ್ಲವೋ, ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದರೂ ಇವರು "ಆಕ್ಷೀ" ಎನ್ನುವರು. ಸಾವ್ಕಾರರು ಹೊರಳಿ ನೋಡಿ, ಹೊಟ್ಟೆ ಒಳಗೆಳೆದುಕೊಂಡು, ಮತ್ತೆ ಮದುಮಗನಾಗುವರು. ಬೆಳಗಿನಿಂದ ಇದೇ ಆಯಿತು. ಕೊನೆಗೆ ನಾವು ಚೀಲಗಳ ಹಿಂದೆ ಅಡಗಿ ಕೂತೆವು. ಟೆಂಡರಿನ ದರ ಕೂಗಲು ಶುರುವಾಯಿತು. ಆಗ ಸಾವ್ಕಾರರು ಲೋಕ ಮರೆತರು. ಬಲಗೈ ತಾನಾಗಿಯೇ ಹಿಂದಕ್ಕೆ ಹೋಗಿ ಧೋತರದ ಕಚ್ಚೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. "ಸಿಕ್ರು!" ಅಂದ ಮೌನೇಶಪ್ಪನವರು ಇನ್ನೊಮ್ಮೆ ಸೀನಿದರು.

ಗೊಂಬೆ ಒಯ್ದು ಕೊಟ್ಟ ದಿನ ಸಾವ್ಕಾರರು ಕೆಂಡವಾದರು. "ಇದ್ಯಾರ್ರಿ? ಈ ಮಾರಿ ನಂದಲ್ಲ!" ಅಷ್ಟರಲ್ಲಿ ಚೀಲ ಹೊತ್ತು ಒಳಗೆ ಬಂದ ಹಮಾಲನಿಗೆ ಗೊಂಬೆಯ ಹಿಂಭಾಗವಷ್ಟೇ ಕಂಡಿತು. "ಸಾವ್ಕಾರ್ರ, ನಿಮ್ಮ ಗೊಂಬಿ ಭಾಳ ಚಂದ ಆಗೇತ್ರಿ" ಅಂದ. ಸಾವ್ಕಾರರು ಕೈ ನೋಡಿಕೊಂಡರು. ಕೈ ಕಚ್ಚೆಯ ಮೇಲೇ ಇತ್ತು. ಬೇರೆ ಯಾರಿಗೂ ಸಿಗಬಾರದೆಂದು ಐದಕ್ಕೆ ಐದನ್ನೂ ಅವರೇ ಇಟ್ಟುಕೊಂಡರು.

ಇಷ್ಟೆಲ್ಲ ನೋಡಿದ ಮೇಲೂ ನಾನು ಒಂದು ಸಂಜೆ ಬಾಯಿಬಿಟ್ಟು, "ನಂದೊಂದು ಮಾಡ್ರಲಾ ಮೌನೇಶಪ್ಪಾರ" ಅಂದುಬಿಟ್ಟೆ.

"ಕೆಟ್ಟತು," ಎಂದು ಅವರು ಹಣೆ ಬಡಿದುಕೊಂಡರು. "ಯಾಕ ಕೇಳಿದ್ರಿ ಸರ? ಕೇಳಿದವ್ರು ನಡೆಯೂದಿಲ್ಲ, ನಡದು ತೋರಸ್ತಾರ. ನೀವು ಮರೀಬೇಕು. ಮರತ ದಿನ ಮಾಡತೇನಿ."

ಮರೆಯುವುದೆಂದರೇನು ಸುಮ್ಮನೆಯೇ? ದಿನಾ ಬೆಳಿಗ್ಗೆ ಹಾವೇರಿ ಬಸ್ಸಿಗೆ ನಾನು ಅವರ ಬಾಗಿಲ ಮುಂದೆಯೇ ಹೋಗಬೇಕು. ಅವರು ಕಟ್ಟೆಯ ಮೇಲೆ ಮಣ್ಣು ಹದ ಮಾಡುತ್ತ ಕೂತಿರುವರು. ಇವತ್ತು ಮರೆತೇ ನಡೆಯುತ್ತೇನೆ ಎಂದು ಹೊರಡುತ್ತಿದ್ದೆ. ಚಹಾದಂಗಡಿಯ ತಿರುವು ಬರುವಷ್ಟರಲ್ಲಿ, ನೋಡುತ್ತಿದ್ದಾರೋ ಇಲ್ಲವೋ ಎಂದು ಕುತ್ತಿಗೆ ತಾನಾಗಿಯೇ ಹೊರಳುತ್ತಿತ್ತು. ಅವರು ಅಲ್ಲಿಂದಲೇ ಮಣ್ಣಿನ ಕೈ ಎತ್ತಿ, "ಹೊಳ್ಳಿದ್ರಿ! ಇವತ್ತೂ ಹೋತು!" ಎಂದು ಕೂಗುವರು. ಏಳು ವರ್ಷ ಹೀಗೇ ನಡೆಯಿತು. "ನಿಮಗ ಕುತ್ತಿಗಿ ನೋವೇನ್ರಿ?" ಎಂದು ನನ್ನ ಹೆಂಡತಿ ಎಣ್ಣೆ ತಿಕ್ಕಿದ್ದೂ ಆಯಿತು.

ಕಳೆದ ವರ್ಷ ಅವರ ಕೈ ನಡುಗತೊಡಗಿತು, ಆಮೇಲೆ ಹಾಸಿಗೆ ಹಿಡಿದರು. ನೋಡಲು ಹೋದಾಗ ಮಂಚವನ್ನು ಬಾಗಿಲಿಗೆ ಮುಖ ಮಾಡಿ ಹಾಕಿಸಿಕೊಂಡಿದ್ದರು, ಹೋಗುವವರು ಕಾಣಲೆಂದು. ಇನ್ನು ನನ್ನ ಗೊಂಬೆ ಆಗುವುದಿಲ್ಲವಲ್ಲ ಎಂದುಕೊಂಡೆ. ಸಾಯಲು ಹೊರಟವರ ಮುಂದೆ ಗೊಂಬೆ ನೆನೆದೆನಲ್ಲ ಎಂದು ನಾಚಿಕೆಯಾಯಿತು. ಎದ್ದು ಹೊರಟೆ. ಹೊಸ್ತಿಲ ಮೇಲೆ ಕುತ್ತಿಗೆ ಹೊರಳಿಯೇಬಿಟ್ಟಿತು.

"ಹೊಳ್ಳಿದ್ರಿ ನೋಡ್ರಿ!" ಎಂದು ಮೌನೇಶಪ್ಪನವರು ಕೆಮ್ಮು ಬರುವವರೆಗೆ ನಕ್ಕರು. ನಾನು ಅವರನ್ನು ಕಂಡದ್ದು ಅದೇ ಕೊನೆ.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ಗಂಗವ್ವ ನನ್ನನ್ನು ಕರೆದು, ಹಳದಿಯಾದ ಹಳೆಯ ಪೇಪರಿನಲ್ಲಿ ಸುತ್ತಿದ್ದ ಗಂಟು ಕೊಟ್ಟರು. ಬಿಚ್ಚಿದರೆ ನಾನು. ಕೈಯಲ್ಲಿ ಊಟದ ಡಬ್ಬಿ, ಒಂದು ಕಾಲು ಮುಂದೆ, ಕುತ್ತಿಗೆ ಪೂರ್ತಿ ಹಿಂದಕ್ಕೆ. ಚುಕ್ಕೆ, ಗೀರು ಅಲ್ಲ. ಕಣ್ಣು, ಮೂಗು, ಮೀಸೆ, ನೋಡುತ್ತಾರೋ ಇಲ್ಲವೋ ಎಂಬ ಆ ಪೆದ್ದು ಆಸೆ, ಎಲ್ಲ ಇತ್ತು. ಅವರು ಮಾಡಿದ ಮುಖ ಅದೊಂದೇ.

"ಯಾವಾಗ ಮಾಡಿದ್ರವಾ ಇದನ್ನ?"

"ನೀವು ಕೇಳಿದ ವರ್ಷಾನ ಮಾಡಿಟ್ಟಿದ್ರು ಸರ. ಕೊಡ್ರಿ ಅಂತ ಭಾಳ ಸಲ ಹೇಳಿದೆ. ಕೊಟ್ರ ನಾಳಿಂದ ಹೊಳ್ಳಿ ನೋಡೂದು ಬಿಡತಾರ ಅಂತ ಕೊಡಲಿಲ್ರಿ."

ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಗೊಂಬೆ ಈಗ ಬೀರಿನಲ್ಲಿ ಹನ್ನೆರಡನೆಯದಾಗಿ ನಿಂತಿದೆ. ಉಳಿದ ಪ್ರತಿಗಳನ್ನು ಅವರು ಮಾಡಲೇ ಇಲ್ಲವಂತೆ. ಇವತ್ತು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಚಹಾದಂಗಡಿಯ ತಿರುವಿನಲ್ಲಿ ಮತ್ತೆ ಹೊರಳಿ ನೋಡಿದೆ. ಹಿಂದಿನಿಂದ ಬರುತ್ತಿದ್ದ ಆಟೋದವನು ತನ್ನನ್ನೇ ಕರೆದೆನೆಂದು ಗಾಡಿ ನಿಲ್ಲಿಸಿದ.

"ಬರತೀರೇನ್ರಿ?"

"ಇಲ್ಲಪಾ," ಅಂದೆ. "ನಮ್ಮವರೊಬ್ರು ಅಲ್ಲಿ ಕುಂದರತಿದ್ರು."