ಕಪ್ಪು-ತಲೆ ಹುಳುವಿನ ಕರಪತ್ರ

ಎಂಬತ್ತರ ದಶಕದ ಮೊದಲಲ್ಲಿ ತುರುವೇಕೆರೆಯ ತೋಟಗಾರಿಕೆ ಕಚೇರಿಯಲ್ಲಿ ಕೂತು ರೈತರಿಗೆ ಕರಪತ್ರ ಬರೆಯುವುದು ನನ್ನ ಕೆಲಸ. ಆ ಸಲ, ತೆಂಗಿನ ಗರಿ ತಿನ್ನುವ ಹುಳುವಿಗೆ ಬೇರಿನ ಮೂಲಕ ಔಷಧಿ ಕುಡಿಸುವ ಬಗೆ ಬರೆಯಬೇಕಿತ್ತು. ಮರಕ್ಕೆ ಅದು ಔಷಧಿ, ಮನುಷ್ಯನಿಗೆ ವಿಷ. ಕುಡಿಸಿದ ಮೇಲೆ ಒಂದೂವರೆ ತಿಂಗಳು ಆ ಮರದ್ದೇನೂ ಯಾರ ಹೊಟ್ಟೆಗೂ ಹೋಗಬಾರದು. ನಾನು ಬರೆಯುವುದರಲ್ಲಿ ಎಡವಿದರೆ ಯಾರದೋ ಮನೆ ಹಾಳಾಗುತ್ತಿತ್ತು.

ನಮ್ಮ ಸಾಹೇಬರಿಗೆ ಇಂಗ್ಲಿಷ್ ಕೈಪಿಡಿಯ ಹೈಫನ್ನುಗಳ ಮೇಲೆ ವಿಪರೀತ ಮೋಹ. ಅಲ್ಲಿದ್ದ ಒಂದೊಂದು ಗೆರೆಯೂ ಕನ್ನಡಕ್ಕೆ ಬರಬೇಕೆಂದರು. ನಾನು ಬಗ್ಗಲಿಲ್ಲ. 'ಕಪ್ಪು ತಲೆ ಹುಳು' ಎಂದು ಬಿಡಿಬಿಡಿಯಾಗಿ ಬರೆದರೆ ಹುಳುವೇ ಕಪ್ಪು ಅಂದುಕೊಂಡು ರೈತ ಕಪ್ಪು ದುಂಬಿಯ ಹಿಂದೆ ಬೀಳುತ್ತಾನೆ. ಕಪ್ಪಗಿರುವುದು ತಲೆ ಮಾತ್ರ. ಅಲ್ಲಿ ಗೆರೆ ಬೇಕು. 'ಬಲಿತ ಕಾಯಿ'ಗೆ ಯಾಕೆ? ಎರಡು ಪದ ಕೂಡಿ ಮೂರನೆಯದನ್ನು ಬಣ್ಣಿಸುವಾಗ, ಬಿಡಿಸಿದರೆ ಅರ್ಥ ದಾರಿ ತಪ್ಪುವಂತಿದ್ದರೆ ಮಾತ್ರ ಗೆರೆ ಹಾಕಿ, ಇಲ್ಲದಿದ್ದರೆ ಸುಮ್ಮನಿರಿ ಎಂದೆ. ವಾರವಿಡೀ ಜಟಾಪಟಿ ನಡೆದು ಗೆದ್ದವನು ನಾನೇ. ಆ ವಿಷಯದಲ್ಲಿ ಇವತ್ತಿಗೂ ನನ್ನದೇ ಸರಿ.

ಕರಪತ್ರ ಹಂಚಿದ ಹದಿನೈದು ದಿನಕ್ಕೆ ಬಿಳಿಗೆರೆಯ ಒಂದು ತೋಟಕ್ಕೆ ಹೋದೆ. ತೋಟದ ಯಜಮಾನರು ಅದನ್ನು ಪಂಪ್‌ಮನೆಯ ಗೋಡೆಗೆ ಅಂಟಿಸಿದ್ದರು. ಹಸಿ ಬೇರನ್ನು ಓರೆಯಾಗಿ ಕೊಯ್ದು ಔಷಧಿಯ ಪ್ಲಾಸ್ಟಿಕ್ ಚೀಲ ಕಟ್ಟಿದ್ದು, ಕುಡಿಸಿದ ಮರಕ್ಕೆ ಸುಣ್ಣದ ಗುರುತು ಹಾಕಿದ್ದು, ಎಲ್ಲವೂ ನಾನು ಬರೆದ ಹಾಗೇ. ನನ್ನ ಎದೆ ಉಬ್ಬಿತು. ಮಾತಾಡುತ್ತಲೇ ಅವರು ಒಂದು ಎಳನೀರು ಕೆತ್ತಿ ನನ್ನ ಕೈಗಿಟ್ಟರು.

ಯಾವ ಮರದ್ದೆಂದು ಕೇಳಿದೆ. ಸುಣ್ಣ ಬಳಿದ ಮರವನ್ನೇ ತೋರಿಸಿದರು. ನಾನು ಎಳನೀರನ್ನು ನೆಲಕ್ಕೆ ಸುರಿದಾಗ ಅವರ ಮುಖ ಸಣ್ಣದಾಯಿತು.

"ಕೊಯ್ಲು ಮಾಡ್ಬ್ಯಾಡಿ ಅಂತ ಬರ್ದಿದ್ರಿ, ಮಾಡ್ಲಿಲ್ಲ ಕಣ್ರೀ. ತೋಟುಕ್ ಬಂದೋರ್ಗೆ ಒಂದ್ ಎಳ್ನೀರ್ ಕೊಡದೂ ಕೊಯ್ಲಾ?"

ನಾನೂ ಇದೇ ಸೀಮೆಯಲ್ಲಿ ಎಳನೀರು ಕುಡಿದೇ ಬೆಳೆದವನು. ತೋಟಕ್ಕೆ ಬಂದವರನ್ನು ಇಲ್ಲಿ ಯಾರೂ ಬರಿಬಾಯಲ್ಲಿ ಕಳಿಸುವುದಿಲ್ಲ ಎನ್ನುವುದು ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ.

ಅವರು ಮನೆಯ ಕಡೆ ತಿರುಗಿ ನೋಡಿ, "ಮೊಮ್ಮಗ್ಳಿಗ್ ಜ್ವರ. ಆಗ್ಲೇ ಇದ್ರಲ್ಲೇ ಎರ್ಡ್ ಕೆಡವಿ ಮನೆಗ್ ಕಳ್ಸಿವ್ನಿ," ಎಂದರು.

ಇಬ್ಬರೂ ಓಡಿದೆವು. ಮಗುವಿನ ಮುಂದೆ ಲೋಟ ತುಂಬಿತ್ತು. ಎಬ್ಬಿಸಿ ಕುಡಿಸಲು ತಾಯಿ ಆಗ ತಾನೇ ಕೂತಿದ್ದಳು. ಲೋಟ ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ. ಗಲಾಟೆಗೆ ಎಚ್ಚರವಾದ, ಬಾಯಾರಿದ್ದ ಮಗು ನನ್ನನ್ನು ಬೈದು ಬೈದು ಅತ್ತಿತು. ನನಗೆ ಅದರ ಕಾಲಿಗೆ ಬೀಳಬೇಕೆನಿಸಿತು.