ಬೆರಕೆ ಸೊಪ್ಪಿಗೆ ಮಿತಿ ಎಷ್ಟು?

ನಮ್ಮಕ್ಕ ಹಾಲನ್ನು ತಿಪ್ಪೆಗೆ ಸುರಿದಳು.

ಒಡೆದ ಹಾಲಲ್ಲ. ಆಗಷ್ಟೇ ಕರೆದ, ಇನ್ನೂ ನೊರೆ ಇಳಿಯದ ಹಾಲು, ತಂಬಿಗೆ ತುಂಬ. ನಾನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದೆ. ಬಾಯಿಂದ ಮಾತೇ ಹೊರಡಲಿಲ್ಲ. (ನನ್ನ ಬಾಯಿಂದ ಮಾತು ಹೊರಡಲಿಲ್ಲ ಎಂದರೆ ನೀವು ನಂಬುವುದು ಕಷ್ಟ. ವಾರ ವಾರ ಈ ಅಂಕಣ ಓದುವವರು ನೀವು.)

ಅಕ್ಕ ಜಯಮ್ಮನನ್ನು ನೀವು ನೋಡಿಲ್ಲ. ಮೊಸರಿನ ಗಡಿಗೆ ತೊಳೆದ ನೀರನ್ನೂ ಕರುವಿಗೆ ಕುಡಿಸುವ ಹೆಂಗಸು ಅವಳು. ವಿಜಯಪುರದಲ್ಲಿ ಬಸ್ಸಿಳಿದು, ಹಿಪ್ಪುನೇರಳೆ ತೋಟಗಳ ಪಕ್ಕದಲ್ಲೇ ನಡೆದು ಹೋದರೆ ಸಿಗುತ್ತದೆ ಅವಳ ಊರು. ಒಂದಿಷ್ಟು ರಾಗಿ ಹೊಲ, ಒಂದು ಹಸು, ಒಬ್ಬ ಮಗಳು. ಇಷ್ಟೇ ಅವಳ ಪ್ರಪಂಚ. ಮಗಳು ನಾಗರತ್ನ ಹೆರಿಗೆಗೆ ಬಂದವಳು ಇನ್ನೂ ತವರಲ್ಲೇ ಇದ್ದಾಳೆ. ಅವಳಿಗೆ ಎದೆಹಾಲು ಸಾಲದು. ಹಾಗಾಗಿ ಕೂಸು ಬೆಳೆಯುತ್ತಿರುವುದೇ ಕೆಂಪಿಯ ಹಾಲಿನಲ್ಲಿ. ಕೆಂಪಿ ಎಂದರೆ ಹಸು.

ಆ ಕೂಸು ಒಳಗೆ ಕಿರೋ ಎಂದು ಅಳುತ್ತಿದೆ. ಇವಳು ಇಲ್ಲಿ ಹಾಲು ಚೆಲ್ಲುತ್ತಿದ್ದಾಳೆ!

"ಅಕ್ಕಾ, ನಿನಗೇನು ತಲೆ ಕೆಟ್ಟಿದ್ಯಾ?" ಎಂದೆ ಕೊನೆಗೂ.

"ತಲೆ ನೆಟ್ಟಗೇ ಐತೆ ಕಣೇ. ಹಾಲು ಕೆಟ್ಟಿದ್ಯೋ ಇಲ್ವೋ ಗೊತ್ತಿಲ್ಲ. ಅದಕ್ಕೇ ಸುರೀತಾ ಇದೀನಿ."

ಆಮೇಲೆ ಜಗಲಿಯ ಮೇಲೆ ಕೂತು ನಡೆದದ್ದನ್ನು ಹೇಳಿದಳು.

ಅಕ್ಕನ ಹೊಲದ ಪಕ್ಕದ್ದು ಮುನಿರಾಜುವಿನ ಹೊಲ. ಒಳ್ಳೆಯ ಮನುಷ್ಯ. ಅವನ ಕಷ್ಟ ಏನೆಂದರೆ ರಾಗಿಗೆ ಕಳೆ ಕೀಳಲು ಆಳು ಸಿಗುವುದಿಲ್ಲ. ಹುಡುಗಿಯರೆಲ್ಲ ವಿಜಯಪುರಕ್ಕೆ ರೇಷ್ಮೆ ನೂಲು ತೆಗೆಯಲು ಹೋಗಿಬಿಡುತ್ತಾರೆ. ನೆರಳಲ್ಲಿ ಕೂತು ಮಾಡುವ ಕೆಲಸ, ಯಾರು ಬಿಡುತ್ತಾರೆ? ಹೀಗಿರುವಾಗ ಕೃಷಿ ಇಲಾಖೆಯವರು ಬಂದರು. ಊರ ಶಾಲೆಯಲ್ಲಿ ಗಂಡಸರನ್ನೆಲ್ಲ ಕೂರಿಸಿ ಮೀಟಿಂಗ್ ಮಾಡಿದರು. ಹೊಸ ಔಷಧಿ ಬಂದಿದೆ, ಹೊಡೆದರೆ ಅಗಲ ಎಲೆಯ ಕಳೆಯೆಲ್ಲ ಸಾಯುತ್ತದೆ, ರಾಗಿ ಪೈರಿಗೆ ಏನೂ ಆಗುವುದಿಲ್ಲ ಎಂದರು. ಮುನಿರಾಜುವಿನ ಹೊಲದಲ್ಲೇ ಡೆಮಾನ್‌ಸ್ಟ್ರೇಷನ್ ಎಂದು ಹೊಡೆದೂ ತೋರಿಸಿದರು.

ಎಚ್ಚರಿಕೆ ಹೇಳಲಿಲ್ಲವೇ? ಹೇಳಿದರು. ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದೆ, ಗಾಳಿ ಆ ಕಡೆ ಬೀಸುವಾಗ ಹೊಡೆಯಬೇಡಿ ಎಂದರು. ಸೊಪ್ಪು ಕೆಟ್ಟರೆ ರೇಷ್ಮೆ ಹುಳುವಿಗೆ ತೊಂದರೆ ಅಂತೆ. ಸಂತೋಷ. ಹುಳುವಿನ ಯೋಗಕ್ಷೇಮವನ್ನು ಸರ್ಕಾರ ವಿಚಾರಿಸಿಕೊಂಡಿತು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ರಾಗಿ ಹೊಲದ ಕಳೆ ನಮ್ಮಲ್ಲಿ ಬರೀ ಕಳೆಯಲ್ಲ. ಅದರಲ್ಲಿ ಅಣ್ಣೆ ಸೊಪ್ಪಿದೆ, ಗೋಣಿ ಸೊಪ್ಪಿದೆ, ಕೀರೆ ಇದೆ. ಹೆಂಗಸರು ಕಳೆ ಕೀಳುತ್ತ ಎಳೆಯದನ್ನೆಲ್ಲ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಅದೇ ಬೆರಕೆ ಸೊಪ್ಪು. ಮನೆಗೆ ತಂದು, ಬೇಳೆ ಜೊತೆ ಬೇಯಿಸಿ, ಮಸೆದರೆ ಮುದ್ದೆಗೆ ಸಾರು. ಬಲಿತದ್ದು ಒಂದು ಹೊರೆ ಹಸುವಿಗೆ. ಯಾರ ಹೊಲಕ್ಕೆ ಯಾರಾದರೂ ಇಳಿಯಬಹುದು. ರಾಗಿ ತೆನೆ ಮುರಿದರೆ ಜಗಳ, ಸೊಪ್ಪು ಕಿತ್ತರೆ ಉಪಕಾರ. ಮಳೆ ಬಿದ್ದ ಮೇಲೆ ನಮ್ಮ ಅರ್ಧ ಜಿಲ್ಲೆಯ ಅಡುಗೆ ನಡೆಯುವುದೇ ಹೀಗೆ.

ಔಷಧಿ ಹೊಡೆದ ಮಾರನೆಯ ಬೆಳಿಗ್ಗೆ ಅಕ್ಕ ಎಂದಿನಂತೆ ಮುನಿರಾಜುವಿನ ಹೊಲಕ್ಕೆ ಇಳಿದಳು. ಸೊಪ್ಪು ಹಸಿರಾಗಿಯೇ ಇತ್ತು. ಒಂದು ಮಡಿಲು ಮನೆಗೆ, ಒಂದು ಹೊರೆ ಕೆಂಪಿಗೆ. ಅವಳೊಬ್ಬಳೇ ಅಲ್ಲ, ಬೀದಿಯ ಹೆಂಗಸರೆಲ್ಲ ಇಳಿದಿದ್ದರು. ಆಮೇಲೆ ನೋಡಿದರೆ ಹೊಲದಲ್ಲಿ ಉಳಿದ ಸೊಪ್ಪು ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಂಡು ಮಲಗಿದೆ! ಆಗ ಇವರಿಗೆ ಔಷಧಿಯ ವಿಷಯ ಹೊಳೆಯಿತು.

"ನಾವು ತಿಂದಿದ್ದು ತಿಂದ್ವಿ, ಹೋಗ್ಲಿ. ದೊಡ್ಡ ಜೀವ. ಮಗೀಗೆ ಈ ಹಾಲು ಕೊಡ್ಲಾ, ಬ್ಯಾಡ್ವಾ? ನೀನು ಓದಿದೋಳು, ಬೆಂಗಳೂರಲ್ಲಿರೋಳು. ಅಷ್ಟು ಹೇಳು ಸಾಕು," ಎಂದಳು ಅಕ್ಕ.

ಒಂದೇ ಪ್ರಶ್ನೆ. ಕೊಡಲೋ, ಬೇಡವೋ?

ಬೀದಿಯ ಬೇರೆ ಹಸುಗಳ ಹಾಲು ತಗೋ ಎನ್ನೋಣವೆಂದರೆ ಅವೂ ಅದೇ ಹೊರೆ ತಿಂದಿವೆ. ಆವತಿಯ ನೆಂಟರ ಮನೆಯಿಂದ ತರಿಸೋಣವೆಂದರೆ ಬರುವಷ್ಟರಲ್ಲಿ ಹಾಲು ಹುಳಿ. ಹಾಲಿನ ಪುಡಿಯ ಡಬ್ಬ ಈಗಿನ ಅಭಾವದಲ್ಲಿ ಬೆಂಗಳೂರಿನಲ್ಲೇ ಸಿಗುವುದಿಲ್ಲ, ಅಂಗಡಿಯವನ ಪರಿಚಯವಿರಬೇಕು. ಕೂಸಿಗೆ ರಾಗಿ ಸರಿಯನ್ನು ನೀರಿನಲ್ಲೇ ಕಾಯಿಸಿ ಕುಡಿಸುತ್ತಿದ್ದರು. ಅದು ಮುಖ ತಿರುಗಿಸಿ ಚೀರುತ್ತಿತ್ತು. ನಾಗರತ್ನ ಗೋಡೆಗೆ ಒರಗಿ ಕೂತು ತಾನೂ ಅಳುತ್ತಿದ್ದಳು.

ಮುನಿರಾಜುವಿನ ಮನೆಗೆ ಹೋಗಿ ಔಷಧಿ ಡಬ್ಬ ತೋರಿಸು ಎಂದೆ. ತೋರಿಸಿದ. ಬರೆದಿರುವುದೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಔಷಧಿ ಹೊಡೆದ ಹೊಲಕ್ಕೆ ದನ ಬಿಡಬಾರದು ಎಂದಿತ್ತು. ಅಕ್ಕನಿಗೆ ಓದಿ ಹೇಳಿದೆ.

"ನಾನೆಲ್ಲಿ ದನ ಬಿಟ್ಟೆ? ಸೊಪ್ಪು ಕೊಯ್ದು ತಂದು ಕೊಟ್ಟಿಗೇಲಿ ಹಾಕ್ದೆ," ಎಂದಳು.

ಮುನಿರಾಜು ತಲೆ ಕೆರೆದುಕೊಂಡ. "ರಾಗಿಗೆ ಏನಾದ್ರೂ ಆಗುತ್ತಾ ಅಂತ ಕೇಳ್ದೆ ಅಮ್ಮಾವ್ರೇ, ಆಗಲ್ಲ ಅಂದ್ರು. ಸೊಪ್ಪಿನ ವಿಷ್ಯ ನಂಗೆಲ್ಲಿ ಹೊಳೀಬೇಕು? ಸೊಪ್ಪು ತರೋದು ಹೆಂಗಸ್ರು."

ಹೌದಲ್ಲ! ಹೆಂಗಸರು ಮೀಟಿಂಗಿಗೆ ಬರಲಿಲ್ಲ. ಅವರನ್ನು ಕರೆದವರಾದರೂ ಯಾರು?

ಬೆಳೆಯಲ್ಲಿ, ಹಾಲಿನಲ್ಲಿ ಇಂಥ ಔಷಧಿ ಎಷ್ಟು ಉಳಿದಿರಬಹುದು ಎಂಬುದಕ್ಕೆ ಸರ್ಕಾರ ಮಿತಿ ಗೊತ್ತುಮಾಡುತ್ತಿದೆ ಎಂದು ಪತ್ರಿಕೆಯಲ್ಲಿ ಓದಿದ್ದು ನನಗೆ ನೆನಪಿತ್ತು. "ಅಕ್ಕಾ, ಯೋಚನೆ ಮಾಡಬೇಡ. ಅದಕ್ಕೆಲ್ಲ ಲಿಮಿಟ್ ಇರುತ್ತೆ. ನಾನು ಕೇಳಿಕೊಂಡು ಬರ್ತೀನಿ," ಎಂದು ಜಂಬದಿಂದ ಹೇಳಿದೆ. ಸೋಮವಾರ ಆಫೀಸಿಗೆ ರಜಾ ಹಾಕಿದೆ.

ಮೊದಲು ಕೃಷಿಯವರ ಕಚೇರಿ. (ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಹೇಳಿದರೆ ಬಾಕಿ ಊರಿನ ಕಚೇರಿಗಳು ನೆಟ್ಟಗಿವೆ ಎಂದು ನೀವು ತಿಳಿದುಬಿಟ್ಟೀರಿ.) ಅಲ್ಲಿನ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು. ಕುರ್ಚಿ ಕೊಟ್ಟರು. "ಯಜಮಾನ್ರು ಬರ್ಲಿಲ್ವಾ ಮೇಡಂ?" ಎಂದು ಕೇಳಿದರು. ಯಜಮಾನರು ಮನೆಯಲ್ಲಿ ಅನ್ನಕ್ಕೆ ಎಸರಿಟ್ಟಿದ್ದಾರೆ ಎಂದೆ. ಅವರು ಆ ವಿಷಯ ಬಿಟ್ಟರು.

"ಮಿತಿ ಇದೆ ಮೇಡಂ. ಧಾನ್ಯಕ್ಕೆ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಅಂತ ಲೆಕ್ಕ. ರಾಗಿ ತೆನೆ ಕಟ್ಟೋ ಹೊತ್ತಿಗೆ ಏನೂ ಉಳಿದಿರಲ್ಲ. ನಿಮ್ಮಕ್ಕ ಧೈರ್ಯವಾಗಿ ಮುದ್ದೆ ತಿನ್ನಬಹುದು."

"ರಾಗಿ ಇನ್ನೂ ಮೊಣಕಾಲುದ್ದ ಇದೆ. ನಾನು ಕೇಳ್ತಾ ಇರೋದು ಸೊಪ್ಪಿನ ವಿಷಯ. ಸೊಪ್ಪಿಗೆ ಮಿತಿ ಎಷ್ಟು?"

"ಯಾವ ಸೊಪ್ಪು?"

"ಬೆರಕೆ ಸೊಪ್ಪು."

ಅವರು ನಕ್ಕರು. "ಅದು ಕಳೆ ಅಲ್ವಾ ಮೇಡಂ?"

"ಕಳೆಯೇ. ಅದನ್ನೇ ತಿಂದಿರೋದು."

"ಮಿತಿ ಇರೋದು ಬೆಳೆಗೆ. ಕಳೆಗೆ ಹ್ಯಾಗೆ ಮಿತಿ ಇಡೋಕಾಗುತ್ತೆ? ಔಷಧಿ ಹೊಡೆಯೋದೇ ಅದು ಸಾಯ್ಲಿ ಅಂತ."

"ನಿಮ್ಮದು ಯಾವೂರು ಸ್ವಾಮಿ?"

"ಹೊಸಕೋಟೆ ಹತ್ರ."

"ನಿಮ್ಮ ಮನೇಲಿ ಬೆರಕೆ ಸೊಪ್ಪಿನ ಸಾರು ಮಾಡಲ್ವಾ?"

ಅವರ ಮುಖ ಅರಳಿತು. "ಅಯ್ಯೋ, ನಮ್ಮಮ್ಮ ಮಾಡಿದ್ರೆ ಎರಡು ಮುದ್ದೆ ಜಾಸ್ತಿ ಇಳಿಯುತ್ತೆ ಮೇಡಂ!" ಎಂದರು. ಆಮೇಲೆ ಫೈಲಿನ ದಾರ ಕಟ್ಟುತ್ತ, "ಆದ್ರೆ ಅದು ಮನೆ ವಿಷ್ಯ. ಇದು ಡಿಪಾರ್ಟ್‌ಮೆಂಟ್ ವಿಷ್ಯ," ಎಂದರು.

ಏನು ಹೇಳೋಣ? ಮನೆಯಲ್ಲಿ ಅಮ್ಮನ ಕೈಯಲ್ಲಿ ಉಂಡದ್ದನ್ನು ಕಚೇರಿಯಲ್ಲಿ ಊಟವೆಂದು ಒಪ್ಪಿಕೊಳ್ಳಲು ಈ ಮನುಷ್ಯನಿಗೆ ಯಾರ ಅಪ್ಪಣೆ ಬೇಕಿತ್ತು? ನನಗೆ ಮೈ ಉರಿಯಿತು. ಹಾಲಿನ ವಿಷಯವಾದರೂ ಹೇಳಿ ಎಂದೆ. ಹಾಲು ತಮಗೆ ಸೇರಿದ್ದಲ್ಲ, ಅದು ಆರೋಗ್ಯದವರದು ಎಂದು ದಾರಿ ತೋರಿಸಿದರು.

ಆರೋಗ್ಯದವರ ಕಚೇರಿಗೆ ಹೋದೆ. ಚೀಲದಲ್ಲಿ ಕೆಂಪಿಯ ಹಾಲಿನ ಸೀಸೆ ಇಟ್ಟುಕೊಂಡೇ ಬಂದಿದ್ದೆ. ಅಲ್ಲಿದ್ದ ಇನ್‌ಸ್ಪೆಕ್ಟರು ಸೀಸೆ ಕಂಡೊಡನೆ ಉತ್ಸಾಹಗೊಂಡರು. ಗಾಜಿನ ಲೋಟಕ್ಕೆ ಹಾಲು ಬಗ್ಗಿಸಿ, ಲ್ಯಾಕ್ಟೋಮೀಟರ್ ಇಳಿಬಿಟ್ಟು, ಕಣ್ಣು ಕಿರಿದು ಮಾಡಿ ನೋಡಿದರು.

"ಫಸ್ಟ್ ಕ್ಲಾಸ್ ಹಾಲು! ಒಂದು ತೊಟ್ಟು ನೀರು ಬೆರೆಸಿಲ್ಲ. ಇಂಥ ಹಾಲು ಈ ಕಾಲದಲ್ಲಿ ಎಲ್ಲಿ ಸಿಗುತ್ತಮ್ಮ?"

"ನೀರಲ್ಲ ಸ್ವಾಮಿ, ಕಳೆ ಔಷಧಿ ಬೆರೆತಿದೆಯಾ ನೋಡಬೇಕು."

"ಅದು ಇದರಲ್ಲಿ ಗೊತ್ತಾಗಲ್ಲ. ಲ್ಯಾಬಿಗೆ ಹೋಗ್ಬೇಕು."

"ಕಳಿಸಿ ಹಾಗಾದರೆ."

"ನಿಮ್ಮಕ್ಕ ಹಾಲು ಮಾರ್ತಾರಾ?"

"ಇಲ್ಲ. ಮೊಮ್ಮಗೂಗೆ ಕುಡಿಸ್ತಾಳೆ."

"ಹಾಗಾದ್ರೆ ನಮಗೆ ಬರಲ್ಲ," ಎಂದು ಲ್ಯಾಕ್ಟೋಮೀಟರನ್ನು ಬಟ್ಟೆಯಲ್ಲಿ ಒರೆಸತೊಡಗಿದರು. "ನಾವು ಸ್ಯಾಂಪಲ್ ತೆಗೆಯೋದು ಮಾರೋರ ಹತ್ರ. ಸ್ವಂತಕ್ಕೆ ಕುಡಿಯೋದನ್ನ ಹಿಡಿಯೋಕೆ ಅಧಿಕಾರ ಇಲ್ಲ."

"ಹಿಡಿಯೋದು ಬೇಡ ಸ್ವಾಮಿ, ನೋಡಿ ಹೇಳಿದ್ರೆ ಸಾಕು."

"ಮಾರಿದ್ರೆ ಬನ್ನಿ, ನೋಡೋಣ. ರಿಪೋರ್ಟ್ ಬರೋಕೂ ತಿಂಗಳುಗಟ್ಟಲೆ ಆಗುತ್ತೆ, ಮೊದಲೇ ಹೇಳ್ಬಿಡ್ತೀನಿ."

ನಾನು ಸರಿಯಾಗಿ ಕೇಳಿಸಿಕೊಂಡೆನೇ? ನಮ್ಮಕ್ಕ ಈ ಹಾಲನ್ನು ಕಂಡವರ ಮಗುವಿಗೆ ಮಾರಿದರೆ ಸರ್ಕಾರ ಕೋಟು ಹಾಕಿಕೊಂಡು ಬರುತ್ತದೆ. ತನ್ನದೇ ಮೊಮ್ಮಗುವಿಗೆ ಕುಡಿಸಿದರೆ ಯಾರೂ ಬರುವುದಿಲ್ಲ. ರಿಪೋರ್ಟ್ ಬರುವಷ್ಟು ಹೊತ್ತಿಗೆ ಕೂಸು ಹಾಲು ಬಿಟ್ಟು ಮುದ್ದೆ ಮುರಿಯುವ ವಯಸ್ಸಿಗೆ ಬಂದಿರುತ್ತದೆ ಎಂಬುದು ಬೇರೆ ಮಾತು.

ಕೋಪ ಬಂದರೂ ಯಾರ ಮೇಲೆ ತೋರಿಸುವುದು? ಆ ಕೃಷಿ ಅಧಿಕಾರಿ ಕೆಟ್ಟವರಲ್ಲ. ಈ ಇನ್‌ಸ್ಪೆಕ್ಟರೂ ಕೆಟ್ಟವರಲ್ಲ, ಟೀ ತರಿಸಿಕೊಟ್ಟರು. ಮಿತಿ ಇದೆ ಎನ್ನುವುದೂ ಸುಳ್ಳಲ್ಲ. ಆದರೆ ಆ ಮಿತಿ ಇರುವುದು ಕಾಗದದ ಮೇಲಿನ ಊಟಕ್ಕೆ. ಗೋಧಿ, ಅಕ್ಕಿ, ಮಾರುವ ಹಾಲು. ಆ ಊಟ ಮಾಡುವವನು ದೆಹಲಿಯಲ್ಲೋ ಎಲ್ಲೋ ಇದ್ದಾನೆ. ಹೊಲದಿಂದ ಮಡಿಲಿಗೆ, ಮಡಿಲಿಂದ ಮಡಕೆಗೆ ಹೋಗುವ ನಮ್ಮ ಊಟ ಅಂಗಡಿಯನ್ನೇ ಕಾಣುವುದಿಲ್ಲ. ಅಂಗಡಿ ಕಾಣದ್ದು ಸರ್ಕಾರದ ಕಣ್ಣಿಗೆ ಬೀಳುವುದು ಹೇಗೆ?

ಪಶು ವೈದ್ಯರನ್ನೂ ಕೇಳಿದೆ. ಹಸು ಮೇವು ತಿನ್ನುತ್ತಿದೆಯೇ ಎಂದರು. ತಿನ್ನುತ್ತಿದೆ ಎಂದೆ. ಹಾಗಾದರೆ ಚೆನ್ನಾಗಿದೆ ಎಂದರು. ಹಾಲು? "ಒಂದಷ್ಟು ದಿನ ಬಿಟ್ಟು ಕೊಡಿ." ಒಂದಷ್ಟು ಎಂದರೆ ಎಷ್ಟು? "ಒಂದಷ್ಟು ಅಂದ್ರೆ ಒಂದಷ್ಟು, ಅಮ್ಮ."

ಬೆಂಗಳೂರಿಗೆ ಬಂದು, ಪರಿಚಯದ ಅಂಗಡಿಯವರ ಕಾಲು ಹಿಡಿಯುವುದೊಂದು ಬಾಕಿ ಇಟ್ಟು, ಹಾಲಿನ ಪುಡಿಯ ಒಂದು ಡಬ್ಬ ಸಂಪಾದಿಸಿದೆ. ಶನಿವಾರ ಅರ್ಧ ದಿನ ಆಫೀಸು ಮುಗಿಸಿ ವಿಜಯಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಅಕ್ಕ ಕೇಳಿದ್ದು ಕೊಡಲೋ ಬೇಡವೋ ಎಂದು. ನನ್ನ ಹತ್ತಿರ ಇದ್ದದ್ದು ಒಂದು ಡಬ್ಬ ಮತ್ತು ಒಂದು 'ಒಂದಷ್ಟು'.

ಹೋದಾಗ ಅಕ್ಕ ಕೊಟ್ಟಿಗೆಯಲ್ಲಿದ್ದಳು. ಹಾಲು ಕರೆದು ಮುಗಿಸಿದ್ದಳು. ನಾನು ಡಬ್ಬ ತೋರಿಸಿದೆ. ತಿರುಗಿಸಿ ನೋಡಿ, "ಇದು ಎಷ್ಟು ದಿವ್ಸ ಬಂದಾತು?" ಎಂದಳು. ನಾನು ಮಿತಿಯ ಕಥೆ ಶುರುಮಾಡಿದೆ. ಹತ್ತು ಲಕ್ಷ ಪಾಲು, ಧಾನ್ಯ, ಲ್ಯಾಬು, ಮಾರುವ ಹಾಲು, ಮಾರದ ಹಾಲು. ಅವಳು ತಾಳ್ಮೆಯಿಂದಲೇ ಕೇಳಿದಳು.

"ಅಂದ್ರೆ ಯಾರ್ಗೂ ಗೊತ್ತಿಲ್ಲ ಅನ್ನು."

"ಹೂಂ."

"ಅಷ್ಟು ಹೇಳೋಕೆ ಇಷ್ಟು ಓಡಾಡಿಸಿದ್ರಾ ನಿನ್ನ?" ಎಂದು ಅವಳೇ ನನ್ನ ಮೇಲೆ ಮರುಕಪಟ್ಟಳು. ಆಮೇಲೆ ತಂಬಿಗೆ ಎತ್ತಿ, ಹಸಿ ಹಾಲನ್ನೇ ಗಟಗಟ ಕುಡಿಯತೊಡಗಿದಳು.

"ಅಕ್ಕಾ! ಏನು ಮಾಡ್ತಿದೀಯ?"

ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನೀನು ಹೋದಾಗಿಂದ ಕುಡೀತಾನೇ ಇದೀನಿ. ಬೆಳಿಗ್ಗೆ ಒಂದು ತಂಬ್ಗೆ, ಸಂಜೆ ಒಂದು ತಂಬ್ಗೆ. ನಂಗೇನೂ ಆಗ್ಲಿಲ್ಲ ಅಂದ್ರೆ ಮಗೀಗೆ ಕೊಡೋದು."

"ನಿನಗೆ ಏನಾದ್ರೂ ಆದರೆ?"

"ಆದ್ರೆ ಮಗೀಗೆ ಕೊಡೋದು ಬ್ಯಾಡ ಅಂತ ಗೊತ್ತಾಯ್ತಲ್ಲ."

ನಾನು ಬೈದೆ. ಅತ್ತೆ. ತಂಬಿಗೆ ಕಿತ್ತುಕೊಂಡೆ. ಅವಳು ನಗುತ್ತಲೇ ಒಳಗೆ ಹೋಗಿ ಕೂಸಿಗೆ ಪುಡಿ ಹಾಲು ಕಲಸತೊಡಗಿದಳು. ಕೂಸು ಅದನ್ನು ಚಪ್ಪರಿಸಿ ಕುಡಿಯಿತು. ನಾಗರತ್ನ ಅಂದು ಮೊದಲ ಸಲ ನೆಟ್ಟಗೆ ಊಟ ಮಾಡಿದಳು. ಡಬ್ಬ ಮುಗಿಯುವವರೆಗೆ ನಡೆಯುತ್ತದೆ. ಅಕ್ಕನ ಪರೀಕ್ಷೆಯೂ ನಿಂತಿಲ್ಲ ಎಂದು ಅವಳ ಮುಖ ನೋಡಿಯೇ ತಿಳಿಯಿತು.

ಮಿತಿ ಗೊತ್ತುಮಾಡಿದ ದೊಡ್ಡವರೇ, ನಿಮ್ಮ ಲ್ಯಾಬಿನ ಕೆಲಸವನ್ನು ನಮ್ಮಕ್ಕನ ಹೊಟ್ಟೆ ಇನ್ನೆಷ್ಟು ದಿನ ಮಾಡಬೇಕು?