ಈ ವರ್ಷದ ಮದುವೆ ಗಂಡು ನಾನಲ್ಲ

ಜನವರಿ ನಾಲ್ಕು, ಶನಿವಾರ, ಪುಷ್ಯ ಪಂಚಮಿ. ಸಂಜೆ ಆರೂ ನಲವತ್ತು. ಅಜ್ಜನ ಕರಿ ಕೋಟನ್ನು ಅತ್ತಿಗೆ ತೊಟ್ಟುಕೊಂಡು ಕನ್ನಡಿ ಮುಂದೆ ನಿಂತದ್ದು ಆಗ. ನಾನು ರಂಗೋಲಿ ಡಬ್ಬ ಹಿಡಿದುಕೊಂಡು ಬಾಗಿಲಲ್ಲಿದ್ದೆ.

ಆ ಕೋಟು ನನ್ನದು. ಅಜ್ಜ ಹೋದ ಮೇಲೆ ಅದನ್ನು ತೊಟ್ಟವಳು ನಾನೊಬ್ಬಳೇ, ಅದೂ ವರ್ಷಕ್ಕೊಂದು ಸಲ, ತಿಂಗಳ ಮಾಮನ ಪೂಜೆಯ ಕೊನೆಯ ದಿನ. ತೋಳು ಉದ್ದವೆಂದು ಎರಡೂ ಕಡೆ ಮಡಚಿ ಹೊಲಿಗೆ ಹಾಕಿದ್ದೆ. ಅತ್ತಿಗೆ ನನಗಿಂತ ಎತ್ತರ. ಆ ಹೊಲಿಗೆ ಬಿಚ್ಚಿದ ದಾರದ ತುಣುಕುಗಳು ಕನ್ನಡಿಯ ಕೆಳಗೆ ಬಿದ್ದಿದ್ದವು.

ಈ ಪೂಜೆ ಎಲ್ಲ ಊರಲ್ಲೂ ಇಲ್ಲವಾದ್ದರಿಂದ ಹೇಳುತ್ತೇನೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ಮೇಲೂರಿಗೆ ಹತ್ತಿರ. ಪುಷ್ಯ ಮಾಸದ ಪಂಚಮಿಯಿಂದ ಹುಣ್ಣಿಮೆಯವರೆಗೆ ನಮ್ಮ ಬೀದಿಯ ಹೆಂಗಸರು, ಮಕ್ಕಳು ಸೇರಿ ಮೂರು ದಾರಿ ಕೂಡುವ ಕಡೆ ಸಾರಿಸಿ, ದಿನಾ ಸಂಜೆ ಚಂದ್ರನನ್ನು ಬರೆಯುತ್ತಾರೆ. ಮೊದಲ ದಿನ ತೆಳ್ಳಗೆ ಒಂದು ಗೀಟು. ಮೇಲೆ ಚಂದ್ರ ತುಂಬಿದ ಹಾಗೆ ಕೆಳಗೂ ತುಂಬುತ್ತಾನೆ. ಹುಣ್ಣಿಮೆ ದಿನ ಮನೆಮನೆಯಿಂದ ಅಕ್ಕಿ ಬೆಲ್ಲ ತಂದು ಅಲ್ಲೇ ಪೊಂಗಲ್ ಮಾಡಿ, ಒಂದು ಸುಳ್ಳು ಮದುವೆ ಮಾಡುತ್ತೇವೆ. ಗಂಡು ಹೆಣ್ಣು ಇಬ್ಬರೂ ಹೆಂಗಸರೇ. ಗಂಡಾದವಳಿಗೆ ಕೋಟು, ಪಂಚೆ, ಪೇಟ, ಕಾಡಿಗೆಯ ಮೀಸೆ. ಹೆಣ್ಣಿನ ಕಡೆಯವರು ಗಂಡನ್ನು ಕೂರಿಸಿ ಪ್ರಶ್ನೆ ಕೇಳುತ್ತಾರೆ, ಗಂಡು ನಗಿಸುವಂಥ ಉತ್ತರ ಕೊಡಬೇಕು, ತಪ್ಪಿದರೆ ಬಸ್ಕಿ ಹೊಡೆಯಬೇಕು. ಹೆಣ್ಣಿಗೆ ಮಾತೇ ಇಲ್ಲ. ತಲೆ ತಗ್ಗಿಸಿ ಕೂತು, ಕೊನೆಗೆ ಒಪ್ಪಿಗೆಯಾ ಅಂದಾಗ ತಲೆಯಾಡಿಸುವುದಷ್ಟೇ ಅವಳ ಕೆಲಸ.

ಪಿಯುಸಿ ಮೊದಲ ವರ್ಷದಿಂದ ಗಂಡು ನಾನೇ. ಚಿಂತಾಮಣಿ ಕಾಲೇಜಿನಲ್ಲಿ ನನ್ನ ದನಿ ಎರಡನೇ ಬೆಂಚಿಗೂ ಕೇಳುವುದಿಲ್ಲ. ಆ ಒಂದು ಸಂಜೆ ಇಡೀ ಬೀದಿಗೆ ಕೇಳುತ್ತದೆ. ನಾನು ದಿನಚರಿ ಬರೆಯುವವಳು. ಅದರಲ್ಲಿ ಎಷ್ಟು ಸಲ ನಗಿಸಿದೆ ಅನ್ನುವ ಲೆಕ್ಕವೂ ಇದೆ. ಹೊಟ್ಟೆ ಹಿಡಿದು ನಕ್ಕರೆ ಒಂದು, ಬರೀ ಹಲ್ಲು ಬಿಟ್ಟರೆ ಅರ್ಧ. ಹೋದ ವರ್ಷ ಹನ್ನೊಂದೂವರೆ. ಅದು ನನ್ನ ಅತಿ ಹೆಚ್ಚು.

ಅತ್ತಿಗೆ ಗೌರಿಬಿದನೂರಿನವಳು. ಅಣ್ಣನನ್ನು ಮದುವೆಯಾಗಿ ಎಂಟು ತಿಂಗಳು. ಶಿಡ್ಲಘಟ್ಟದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಅವಳು ಬಂದ ಮೇಲೆ ನಮ್ಮ ಮನೆಯಲ್ಲಿ ವೇಷವಿಲ್ಲದ ಹಬ್ಬವೇ ಇಲ್ಲ. ಕೃಷ್ಣಾಷ್ಟಮಿಗೆ ಬೀದಿಯ ಮಕ್ಕಳೆಲ್ಲ ಕೃಷ್ಣ ರಾಧೆಯಾದರೆ, ಪಕ್ಕದ ಮನೆಯ ಮಗುವನ್ನು ಬೆಣ್ಣೆ ಗಡಿಗೆ ಮಾಡಿ ಕೂರಿಸಿದಳು. ಅಣ್ಣನ ಹುಟ್ಟುಹಬ್ಬಕ್ಕೆ ಬರುವವರೆಲ್ಲ ಹಳೇ ಕಾಲದ ಬೆಲ್‌ಬಾಟಮ್ ಹಾಕಿಕೊಂಡೇ ಬರಬೇಕು ಅಂದಳು, ಬಂದರು. ಅಕ್ಟೋಬರ್ ಕೊನೆಗೆ ಶಾಲೆಯಲ್ಲಿ ದೆವ್ವದ ಪಾರ್ಟಿ. ಅದಕ್ಕೆ ಮನೆಯಲ್ಲಿ ಬಿಳಿ ಪಂಚೆಗಳಿಗೆ ಕಣ್ಣು ಕತ್ತರಿಸುತ್ತ ಕೂತಾಗ ಅಜ್ಜಿ ಹೇಳಿತು, ‘ನಾವು ದೆವ್ವ ಓಡಿಸೋಕೆ ಕೋಳಿ ಕೊಡ್ತಿದ್ವಿ ಕಣಮ್ಮ. ನೀವು ಕರೆದು ಕೇಕ್ ಕೊಡ್ತೀರ.’ ಹಾಗಂದರೂ ಒಂದು ಪಂಚೆಗೆ ಅಜ್ಜಿಯೇ ಹೊಲಿಗೆ ಹಾಕಿಕೊಟ್ಟಿತು. ನನಗೆ ಅಷ್ಟು ವರ್ಷದಲ್ಲಿ ಒಂದು ಗುಂಡಿ ಹಾಕಿಕೊಟ್ಟಿರಲಿಲ್ಲ.

ಅದನ್ನೆಲ್ಲ ನುಂಗಿಕೊಂಡಿದ್ದೆ. ಈ ಹಬ್ಬವೊಂದು ನನ್ನದು ಅಂದುಕೊಂಡಿದ್ದೆ.

‘ಅಜ್ಜಿ, ಗಂಡಿನ ವೇಷ ನಂದಲ್ವಾ?’ ಅಂದೆ. ಅಜ್ಜಿ ಕಡ್ಲೆಕಾಯಿ ಸುಲಿಯುತ್ತಿತ್ತು.

‘ಇಷ್ಟು ವರ್ಷ ಹಾಕಿದೀಯಲ್ಲಮ್ಮ. ಹೊಸ ಸೊಸೆ, ಆಸೆ ಪಡ್ತಾವಳೆ.’

‘ಮದುವೆ ಆಗಿರೋರು ಗಂಡಾಗೋ ಹಾಗಿಲ್ಲ. ನಾನು ನೋಡಿದಾಗಿಂದ ಯಾರೂ ಆಗಿಲ್ಲ.’

‘ನೀನು ನೋಡಿದ್ದು ಎಷ್ಟು? ನಾನು ನಿಮ್ಮಪ್ಪನ್ನ ಕಂಕುಳಲ್ಲಿಟ್ಕೊಂಡೇ ಗಂಡಾಗಿದ್ದೆ. ಮಧ್ಯದಲ್ಲಿ ಹಾಲೂ ಕುಡಿಸಿದ್ದೆ.’

ಅತ್ತಿಗೆ ಕನ್ನಡಿಯಿಂದ ತಿರುಗಿದಳು. ‘ನೀನು ಬೇಡ ಅಂದ್ರೆ ಈಗ್ಲೇ ಬಿಚ್ಚಿಡ್ತೀನಿ ಕಣೇ.’

ಅಮ್ಮ, ಅಜ್ಜಿ, ಅಣ್ಣ ಮೂವರೂ ನನ್ನನ್ನೇ ನೋಡುತ್ತಿದ್ದರು. ಹಾಗೆ ಎಲ್ಲರ ಮುಂದೆ ಕೇಳಿದರೆ ಬೇಡ ಅನ್ನುವುದು ಹೇಗೆ? ‘ಹಾಕ್ಕೊಳ್ಳಿ ಅತ್ತಿಗೆ’ ಅಂದೆ. ‘ಹಂಗಾದ್ರೆ ನೀನು ಹೆಣ್ಣಾಗು’ ಅಂತು ಅಜ್ಜಿ, ‘ಒಂದೇ ಮನೆ ಜೋಡಿ, ನೋಡೋಕೆ ಚೆನ್ನಾಗಿರ್ತದೆ.’

ಆಮೇಲಿನ ಸಂಜೆಗಳಲ್ಲಿ ಚಂದ್ರನ ಜತೆಗೆ ನನ್ನ ಹೊಟ್ಟೆಕಿಚ್ಚೂ ತುಂಬಿಕೊಳ್ಳುತ್ತ ಹೋಯಿತು. ಅತ್ತಿಗೆ ಬೀದಿಯವರಿಗೆಲ್ಲ ಹೇಳಿದಳು, ಈ ಸಲ ಎಲ್ಲರೂ ಅಜ್ಜಿಯರ ಕಾಲದ ಉಡುಪಿನಲ್ಲಿ ಬನ್ನಿ ಅಂತ. ಜನ ಪೆಟ್ಟಿಗೆ ತೆಗೆದು ಹಳೇ ಸೀರೆ ಬಿಸಿಲಿಗೆ ಹಾಕಿದರು. ನಾನು ಹೋದ ವರ್ಷ ಎಲ್ಲರೂ ಕೆಂಪು ಉಟ್ಟುಕೊಳ್ಳೋಣ ಅಂದಾಗ ಕೇಳಿದವರು ಇಬ್ಬರು, ಅದರಲ್ಲಿ ಒಬ್ಬಳು ನಾನು. ಸಂಜೆ ಹಿತ್ತಲಲ್ಲಿ ಅಜ್ಜಿ ಅವಳಿಗೆ ಅಜ್ಜನ ನಡಿಗೆ ಕಲಿಸುವುದನ್ನು ಕಿಟಕಿಯಿಂದ ನೋಡಿದೆ. ಎಡಗಾಲು ಸ್ವಲ್ಪ ಎಳೆದು, ಕೈ ಹಿಂದೆ ಕಟ್ಟಿ. ಆ ನಡಿಗೆಯನ್ನು ನಾನು ನೆನಪಿನಿಂದಲೇ ತಂದುಕೊಂಡಿದ್ದೆ, ಯಾರೂ ಕಲಿಸಿರಲಿಲ್ಲ. ಅವಳು ಅಜ್ಜನನ್ನು ನೋಡಿಯೇ ಇಲ್ಲ, ಆದರೂ ಸರಿಯಾಗಿ ಬರುತ್ತಿತ್ತು.

ಸೋಮವಾರ ಹುಣ್ಣಿಮೆ, ಮಾರನೇ ದಿನವೇ ಸಂಕ್ರಾಂತಿ. ನಮ್ಮ ಬೀದಿಯಲ್ಲಿ ಎಲ್ಲರೂ ರೇಷ್ಮೆ ಬೆಳೆಯುವವರು. ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಂದ್ರಿಕೆಗಳು ಆ ವಾರ ಖಾಲಿಯಿದ್ದವು. ನಾಲ್ಕನ್ನು ನಿಲ್ಲಿಸಿ ಕಟ್ಟಿದರೆ ಅದೇ ಮಂಟಪ. ಏಳು ಗಂಟೆಗೆ ನನಗೆ ಅಮ್ಮನ ಧಾರೆ ಸೀರೆ ಉಡಿಸಿ, ಕಾಗದದ ಬಾಸಿಂಗ ಕಟ್ಟಿ, ಮುಖದ ಮೇಲೆ ಸೆರಗು ಎಳೆದು ಕೂರಿಸಿದರು. ಅಲ್ಲಿಂದ ನನಗೆ ಕಂಡದ್ದು ರಂಗೋಲಿ ಮತ್ತು ಕಾಲುಗಳು. ಉಳಿದದ್ದು ಕೇಳಿದ್ದು.

ಎಡಗಾಲು ಎಳೆಯುತ್ತ ಗಂಡು ಬಂದಿತು. ಬರೀ ನಡಿಗೆಗೇ ಒಂದು ನಗು. ಸೆರಗಿನ ಒಳಗೆ ಲೆಕ್ಕಕ್ಕೆ ಒಂದು ಬೆರಳು ಮಡಚಿದೆ.

ಪ್ರಶ್ನೆ ಕೇಳುವುದು ಯಾವಾಗಲೂ ಎದುರು ಮನೆಯ ದೊಡ್ಡಮ್ಮ. ಅವರ ತವರು ಅಂಬಾಜಿದುರ್ಗದ ಕೆಳಗಿನ ಹಳ್ಳಿ. ತಮಾಷೆ ಮಾಡುವಾಗ ತೆಲುಗು ಬರುತ್ತದೆ.

‘ಏಮಯ್ಯಾ ಅಲ್ಲುಡು’ ಅಂದರು, ಏನಯ್ಯಾ ಅಳಿಯ ಅಂತ. ‘ಯಾವೂರು ನಿಂದು? ಹೆಂಗೆ ಬಂದೆ?’

‘ಗೌರಿಬಿದನೂರು ಅತ್ತೆ. ರೈಲಲ್ಲಿ ಬಂದೆ.’

‘ನಮ್ಮೂರಲ್ಲಿ ಸ್ಟೇಷನ್ನೇ ಇಲ್ವಲ್ಲಪ್ಪ.’

‘ಇಲ್ಲ ಅಂತ ಗೊತ್ತಾಗಿದ್ದೇ ಹಾರ್‌ಬಿಟ್ಟೆ. ಮೀಸೆ ಒಂದು ಕಡೆ ಅಲ್ಲೇ ಉಳೀತು, ನೋಡಿ.’

ಬಲಗಡೆಯ ಮೀಸೆಯನ್ನು ಬೇಕೆಂದೇ ಬರೆದುಕೊಂಡಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಂಥ ಉಪಾಯ ನನಗೆ ಒಂದು ವರ್ಷವೂ ಹೊಳೆದಿರಲಿಲ್ಲ.

ದೊಡ್ಡಮ್ಮ ಸುಧಾರಿಸಿಕೊಂಡು ಎರಡನೆಯದು ಕೇಳಿದರು. ‘ಮಾವನ ಮನೇಲಿ ಯಾರೂ ಇಲ್ಲ. ಹುಳು ಹಣ್ಣಾಗವೆ. ನೀನೊಬ್ಬನೇ ಇದೀಯ. ಏನ್ ಮಾಡ್ತೀಯ?’

ನಮ್ಮ ಕಡೆ ಐದು ವರ್ಷದ ಮಗುವಿಗೂ ಗೊತ್ತು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಮೈ ಬಣ್ಣ ತಿರುಗಿ, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿರುತ್ತದೆ; ತಕ್ಷಣ ಆರಿಸಿ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ನೂಲೆಲ್ಲ ಹಾಳು. ಅತ್ತಿಗೆಯ ತವರಲ್ಲಿ ಹುಳು ಸಾಕುವುದಿಲ್ಲ. ನಮ್ಮಲ್ಲಿ ಹಣ್ಣಾಗುವ ಹೊತ್ತಿಗೆಲ್ಲ ಅವಳು ಶಾಲೆಯಲ್ಲಿರುತ್ತಾಳೆ.

‘ಹೊಟ್ಟೆ ತುಂಬ ಸೊಪ್ಪು ಹಾಕ್ತೀನಿ’ ಅಂದಳು.

ದೊಡ್ಡಮ್ಮ ಮೆಲ್ಲಗೆ ಕೇಳಿದರು, ‘ತಿನ್ನದಿದ್ರೆ?’

‘ಪಾಪ, ಕೈಯಾರೆ ತಿನ್ನಿಸ್ತೀನಿ.’

ಆ ನಗುವನ್ನು ನಾನು ಹೇಗೆ ಎಣಿಸಲಿ? ಒಂದು ಕಡೆ ನಿಂತರೆ ಇನ್ನೊಂದು ಕಡೆ ಏಳುತ್ತಿತ್ತು. ಒಬ್ಬರು ಮಂಟಪದ ಚಂದ್ರಿಕೆ ಹಿಡಿದುಕೊಂಡು ನಕ್ಕಿದ್ದಕ್ಕೆ ಅದು ನನ್ನ ತಲೆಯ ಮೇಲೆ ಒರಗಿತು. ಬೆರಳು ಮಡಚುವುದನ್ನು ಅಲ್ಲಿಗೇ ಬಿಟ್ಟೆ. ಸರಿಯುತ್ತರ ಗೊತ್ತಿದ್ದು, ಅದನ್ನು ತಿದ್ದಿ ತೀಡಿ ಹೇಳುತ್ತಿದ್ದ ನನಗೆ ಹನ್ನೊಂದೂವರೆ. ಏನೂ ಗೊತ್ತಿಲ್ಲದ ಅವಳಿಗೆ ಲೆಕ್ಕವೇ ಇಲ್ಲ.

‘ಈ ಅಳಿಯ ಬಂದ್ರೆ ಒಂದು ಬೆಳೇನೂ ಕೈಗೆ ಹತ್ತಲ್ಲ’ ಅಂದರು ದೊಡ್ಡಮ್ಮ ನಗುತ್ತಲೇ. ‘ಹೊಡಿಯಪ್ಪ ಬಸ್ಕಿ.’

ಬಸ್ಕಿ ಹೊಡೆಯುವಾಗ ಪಂಚೆ ಜಾರಿತು. ಅದಕ್ಕೂ ನಗು. ಆಮೇಲೆ ಅಜ್ಜಿ ಅರಿಸಿನ ಕೊಂಬು ಕಟ್ಟಿದ ದಾರ ಕೈಗೆತ್ತಿಕೊಂಡು ನನ್ನ ಮುಂದೆ ಬಂತು. ಅಜ್ಜಿಯ ಸೊಟ್ಟ ಕಾಲ್ಬೆರಳು ನೋಡಿ ಗುರುತಿಸಿದೆ.

‘ಏನು ಮಗಳೇ, ಒಪ್ಪಿಗೇನಾ?’

ಕೇಳುವುದು ಶಾಸ್ತ್ರಕ್ಕೆ. ಉತ್ತರಕ್ಕೆ ಕಾಯದೆ ದಾರ ಗಂಡಿನ ಕೈಗೆ ಹೋಗಿಬಿಡುತ್ತದೆ. ನಾನು ತಲೆಯನ್ನು ಅಡ್ಡಡ್ಡ ಆಡಿಸಿದೆ. ಬಾಸಿಂಗ ಪರಪರ ಅಂತು. ಅಜ್ಜಿಗೆ ಕಾಣಲಿಲ್ಲವೇನೋ ಎಂದು ಇನ್ನೊಮ್ಮೆ ಆಡಿಸಿದೆ.

‘ಹೆಣ್ಣು ಬೇಡ ಅಂತಾವಳೆ’ ಅಂದರು ಯಾರೋ ಹಿಂದಿನಿಂದ.

‘ಯಾಕಮ್ಮ?’ ಅಂತು ಅಜ್ಜಿ.

ಸೆರಗು ಹಿಂದಕ್ಕೆ ಹಾಕಿದೆ. ಇಷ್ಟು ವರ್ಷ ಗಂಡಿನ ವೇಷದಲ್ಲಿ ಆಡುತ್ತಿದ್ದ ದಪ್ಪ ದನಿಯಲ್ಲೇ ಹೇಳಿದೆ: ‘ಹುಳು ಹಣ್ಣಾಗಿದ್ದು ತಿಳೀದೋನಿಗೆ ಹೆಂಡ್ತಿ ಹಸಿದಿದ್ದು ತಿಳೀತದಾ?’

ದೊಡ್ಡಮ್ಮ ರಂಗೋಲಿಯ ಮೇಲೆಯೇ ಕೂತುಬಿಟ್ಟರು. ಅಮ್ಮ ಗೋಡೆ ಹಿಡಿದುಕೊಂಡಳು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅತ್ತಿಗೆ; ಕಣ್ಣೀರಿಗೆ ಉಳಿದರ್ಧ ಮೀಸೆಯೂ ಕದಡಿ ಗಲ್ಲಕ್ಕಿಳಿಯಿತು. ನಗಿಸಲು ನಾನು ಹಾಗಂದದ್ದಲ್ಲ. ನಿಜವಾಗಿ ಬೇಡವಾಗಿತ್ತು. ಆದರೆ ನಗು ಬಂದ ಮೇಲೆ ಚೆನ್ನಾಗಿಯೇ ಇತ್ತು.

ಅವಳು ಬಗ್ಗಿ ಕಿವಿಯಲ್ಲಿ ಕೇಳಿದಳು, ‘ನಿಜವಾಗ್ಲೂ ಕೋಪಾನಾ ಕಣೇ?’

ನಾನು ಬಾಸಿಂಗ ಬಿಚ್ಚತೊಡಗಿದೆ. ನನ್ನ ಯೋಚನೆ ಮುಂದಕ್ಕೆ ಹೋಗಿತ್ತು. ಈ ಗಂಡು ಬೇಡವಾದರೆ ಬೇರೆ ಗಂಡು ಬೇಕಲ್ಲ. ‘ಅಜ್ಜಿ, ಕೋಟು ಕೊಡ್ಸು. ನಾನೇ ಗಂಡಾಗ್ತೀನಿ. ಹೆಣ್ಣಾಗೋಕೆ ಯಾರನ್ನಾದ್ರೂ ಕೂರಿಸು.’

‘ಕೂತ್ಕೊಳಮ್ಮ’ ಅಂತು ಅಜ್ಜಿ. ‘ಹೆಣ್ಣು ಒಪ್ಪದಿದ್ರೆ ಮದುವೆ ಮುರಿಯಲ್ಲ, ಮುಂದಕ್ಕೆ ಹೋಗ್ತದೆ. ಬರೋ ವರ್ಷ ಇದೇ ಗಂಡು, ಇದೇ ಹೆಣ್ಣು. ಅಷ್ಟರೊಳಗೆ ಗಂಡು ಹುಳು ಮೇಯ್ಸೋದು ಕಲ್ತ್ಕೊಳ್ಳಲಿ.’ ಅರಿಸಿನ ಕೊಂಬನ್ನು ಕಳಶಕ್ಕೆ ಸುತ್ತಿ, ಪೊಂಗಲ್ ಬಡಿಸಲು ಹೋಯಿತು.

ತಲೆಯಾಡಿಸಿ ಸುಮ್ಮನಿದ್ದಿದ್ದರೆ ಒಂದು ವರ್ಷಕ್ಕೆ ಮುಗಿಯುತ್ತಿತ್ತು. ಈಗ ಎರಡು ವರ್ಷ.

ಅಣ್ಣ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದ. ರಾತ್ರಿ ಊಟದ ಹೊತ್ತಿಗೆ ನೋಡಿದರೆ, ‘ಕೈಯಾರೆ ತಿನ್ನಿಸ್ತೀನಿ’ ಅನ್ನುವಲ್ಲಿಗೆ ಅವನೂ ನಕ್ಕು ಬಗ್ಗಿದ್ದಾನೆ. ಅಲ್ಲಿಂದ ಮುಂದೆ ಅವನ ಚಪ್ಪಲಿ, ಗದ್ದಲ, ಅಷ್ಟಕ್ಕೇ ನಿಂತಿದೆ. ನನ್ನ ಮಾತು ಅದರಲ್ಲಿ ಇಲ್ಲವೇ ಇಲ್ಲ. ಅತ್ತಿಗೆಯ ಮಾತಿನವರೆಗೆ ಕತ್ತರಿಸಿ ಹಾಕಿದ ರೀಲ್ ಈಗ ಸುತ್ತಮುತ್ತ ಎಲ್ಲರ ಮೊಬೈಲಿನಲ್ಲಿದೆ. ಹೋದ ವಾರ ಮೇಲೂರಿನಲ್ಲಿ ಬಸ್ಸಿಗೆ ಕಾಯುವಾಗ ಹೂವಿನವರು ಕೇಳಿದರು, ‘ಹುಳುಗೆ ತಿನ್ನಿಸೋ ಗಂಡಿನ ನಾದಿನಿ ಅಲ್ವಾ ನೀವು?’

ಅತ್ತಿಗೆ ಕಲಿಯುತ್ತಿದ್ದಾಳೆ. ಈ ಬೆಳೆಗೆ ರಜೆ ಹಾಕಿ, ಹಣ್ಣಾದ ಹುಳುವನ್ನು ದೀಪಕ್ಕೆ ಹಿಡಿದು ನೋಡಿ ನೋಡಿ ಆರಿಸಿದಳು. ಪಕ್ಕದಲ್ಲಿ ಕೂತು ತೋರಿಸಿಕೊಟ್ಟವಳು ನಾನೇ, ಅಜ್ಜಿಯ ಅಪ್ಪಣೆ. ಬೇಗ ಕಲಿಯುತ್ತಾಳೆ, ಅದೂ ಒಂದು ಸಂಕಟ. ಕೋಟು ಅಣ್ಣನ ಕೋಣೆಯ ಗೂಟದಲ್ಲಿದೆ. ತೋಳಿನಲ್ಲಿ ನನ್ನ ಹಳೇ ಹೊಲಿಗೆಯ ಸೂಜಿ ತೂತುಗಳು ಇನ್ನೂ ಕಾಣುತ್ತವೆ, ಅದೇ ಗುರುತಿಗೆ ಮತ್ತೆ ಹೊಲಿಯಬಹುದು.

ಮುಂದಿನ ಪುಷ್ಯ ಪಂಚಮಿ ಡಿಸೆಂಬರಿನಲ್ಲೇ ಬೀಳುತ್ತದೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಅಜ್ಜಿ ಹೇಳಿದ ಆ ನಿಯಮ ನಿಜವಾಗಿ ಇದೆಯೋ, ಆ ಗಳಿಗೆಯಲ್ಲಿ ಹುಟ್ಟಿತೋ ನನಗೆ ತಿಳಿಯದು. ದೊಡ್ಡಮ್ಮನನ್ನು ಕೇಳಿದರೆ, ಅವರ ತವರಲ್ಲಿ ಯಾವ ಹೆಣ್ಣೂ ಬೇಡ ಅಂದದ್ದೇ ಇಲ್ಲವಂತೆ, ಹಾಗಾಗಿ ಗೊತ್ತಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆ ನಿಮ್ಮ ಬೀದಿಯಲ್ಲೂ ತಿಂಗಳ ಮಾಮನ ಮದುವೆ ನಡೆಯುತ್ತಿದ್ದರೆ, ಹೆಣ್ಣಾದವಳು ಎಂದಾದರೂ ತಲೆ ಅಡ್ಡಡ್ಡ ಆಡಿಸಿದ್ದರೆ, ಮಾರನೇ ವರ್ಷ ಗಂಡಿನ ಕೋಟು ಯಾರ ಪಾಲಾಯಿತು ಎಂದು ದಯವಿಟ್ಟು ಬರೆದು ತಿಳಿಸಿ. ನವೆಂಬರ್ ಮುಗಿಯುವುದರೊಳಗೆ ತಲುಪಿದರೆ ಉಪಕಾರವಾಗುತ್ತದೆ.